ಬಬಲೇಶ್ವರದ ಹುಡುಗನ ಬಾಕಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಶಾಲೆಯಲ್ಲಿ ಎಲ್ಲರೂ ಹೇಳುತ್ತಾರೆ. ಸಿಟ್ಟಿಗಿಂತ ಮುಂದೆ ನನ್ನ ಕೈ ಓಡುತ್ತದೆ ಎಂಬುದು ಮಾತ್ರ ನಮ್ಮ ಯಜಮಾನರಿಗೇ ಗೊತ್ತು. ಯಾರಾದರೂ ಕಷ್ಟ ಹೇಳಿಕೊಳ್ಳಲು ಶುರು ಮಾಡಿದರೆ ನಾನು ಪೂರ್ತಿ ಕೇಳುವುದಿಲ್ಲ. ಅರ್ಧಕ್ಕೇ ಪರ್ಸು ತೆಗೆದು ಕೊಟ್ಟುಬಿಟ್ಟು ಆಮೇಲೆ ಬೈಯುತ್ತೇನೆ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂದು ಅವರು ನಗುತ್ತಾರೆ. ನಕ್ಕರೆ ನಗಲಿ. ಆದರೆ ಹಿಂದಿನ ವರ್ಷ ಜೂನಿನಲ್ಲಿ ಒಬ್ಬ ಹುಡುಗನ ಖಾನಾವಳಿ ಬಾಕಿ ಕಟ್ಟಲು ಹೋಗಿ ನಾನು ಪಟ್ಟ ಪಾಡು ಮಾತ್ರ ನಗುವಂಥದ್ದಾಗಿರಲಿಲ್ಲ.

ನಾನು ಟಿಕೋಟಾದ ಒಂದು ಹೈಸ್ಕೂಲಿನಲ್ಲಿ ಶಿಕ್ಷಕಿ. ಮನೆ ವಿಜಯಪುರದ ಅಥಣಿ ರಸ್ತೆಯ ಒಂದು ಹೊಸ ಲೇಔಟಿನಲ್ಲಿದೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ಹುಡುಗ ನಮ್ಮ ಶಾಲೆಗೆ ಎಂಟನೆಯ ತರಗತಿಗೆ ಸೇರಿದ್ದ. ತಂದೆ ತೀರಿಕೊಂಡ ಮೇಲೆ ತಾಯಿ ಬಬಲೇಶ್ವರದಿಂದ ತವರಿಗೆ, ಅಂದರೆ ಟಿಕೋಟಾಕ್ಕೆ, ಇವನನ್ನು ಕರೆದುಕೊಂಡು ಬಂದಿದ್ದಳು. ಅವನ ಹೆಸರಿನವರು ತರಗತಿಯಲ್ಲಿ ಆಗಲೇ ಇದ್ದರು. ನಮ್ಮ ಕಡೆ ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಎಲ್ಲಿಂದ ಬಂದನೋ ಆ ಊರನ್ನೇ ಹೆಸರಿಗೆ ಹಚ್ಚಿಬಿಡುತ್ತಾರೆ. ಇವನು ‘ಬಬಲೇಶ್ವರದಂವ’ ಆದ. ಹಾಜರಿ ಹಾಕುವಾಗ ಒಂದು ಹೆಸರು, ಉಳಿದ ಹೊತ್ತೆಲ್ಲ ಬಬಲೇಶ್ವರದಂವ. ನಾನೂ ಹಾಗೇ ಕರೆದೆ. ಮೂರು ವರ್ಷ ಕರೆದ ಮೇಲೆ ಅವನು ನನಗೆ ಬಬಲೇಶ್ವರದಂವನೇ.

ಹತ್ತನೆಯದು ಮುಗಿಸಿ ವಿಜಯಪುರದಲ್ಲಿ ಡಿಪ್ಲೊಮಾ ಸೇರಿದ. ಮಾತು ಕಡಿಮೆ, ಕೈ ಮಾತ್ರ ಸುಮ್ಮನಿರುವುದಿಲ್ಲ, ಏನಾದರೂ ಬಿಚ್ಚಿ ಜೋಡಿಸುತ್ತಲೇ ಇರುತ್ತಿದ್ದ. ತಾಯಿ ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ದ್ರಾಕ್ಷಿ ಒಣಗಲು ಹಾಕಿದಾಗ ಹನಿ ಬಿದ್ದರೆ ಶೆಡ್ಡಿನ ಪರದೆ ಇಳಿಸಲು ಹೆಂಗಸರು ಗಂಡಸರೆನ್ನದೆ ಎಲ್ಲರೂ ಓಡಬೇಕು. ಅದನ್ನು ಸಣ್ಣಂದಿನಿಂದ ನೋಡಿದವನು ಕೊನೆಯ ವರ್ಷದ ಪ್ರಾಜೆಕ್ಟಿಗೆ ಅದನ್ನೇ ಹಿಡಿದುಕೊಂಡ. ಪ್ಲೈವುಡ್ ಹಲಗೆಯ ಮೇಲೆ ಒಂದು ಸಣ್ಣ ಶೆಡ್, ಮೇಲೆ ನೀರು ಬಿದ್ದರೆ ಸುತ್ತಲಿನ ಪರದೆ ತಾನೇ ಇಳಿಯಬೇಕು. ಇದನ್ನು ಅವನೇ ಒಮ್ಮೆ ಬಸ್ಸಿನಲ್ಲಿ ಸಿಕ್ಕಾಗ ಹೇಳಿದ್ದ. ನನಗೆ ಅರ್ಧ ತಿಳಿದಿತ್ತು, ಪೂರ್ತಿ ಹೆಮ್ಮೆಯಾಗಿತ್ತು.

ಜೂನಿನ ಆ ಮಧ್ಯಾಹ್ನ ಅವನ ತಾಯಿ ಶಾಲೆಯ ಗೇಟಿನ ಬಳಿ ಬಂದು ನಿಂತಿದ್ದಳು. ನಮ್ಮ ಕಡೆ ಹಳಬರು ಶಿಕ್ಷಕಿಯರನ್ನು ಅಕ್ಕಾರ ಎನ್ನುತ್ತಾರೆ, ಅವಳೂ ಹಾಗೇ ಅನ್ನುವುದು.

‘ಅಕ್ಕಾರ, ನಾಳಿ ನನ್ನ ಮಗಂದು ಕಡೀ ಪರೀಕ್ಷಾ ಐತ್ರಿ. ಅವಾ ಹೋಗಂಗಿಲ್ಲ ಅಂತ ಮಕ್ಕೊಂಡಾನ. ನೀವು ಒಂದ್ ಮಾತು ಹೇಳ್ರಿ.’

‘ಯಾಕ ಹೋಗಂಗಿಲ್ಲ? ಏನ ಧಾಡಿ ಆಗೇತಿ ಅವಗ?’

ವಿಷಯ ಇಷ್ಟಿತ್ತು. ಖಾನಾವಳಿಗೆ ಎಂದು ತಾಯಿ ಕೊಟ್ಟ ದುಡ್ಡನ್ನು ಅವನು ಮೋಟಾರು, ವೈರು ಎಂದು ಆ ಹಲಗೆಯ ಮೇಲೆ ಸುರಿದಿದ್ದ. ಖಾನಾವಳಿಯ ಹಿಂದೆಯೇ ಒಡತಿಯ ಬಾಡಿಗೆ ಖೋಲಿಗಳಿವೆ, ಅವನು ಇರುವುದು ಅಲ್ಲೇ. ಬಾಕಿ ಬೆಳೆಯಿತು. ಆ ವಾರ ಅವನು ಊರಿಗೆ ಬಂದಾಗ ಒಡತಿ ಖೋಲಿಗೆ ತನ್ನದೊಂದು ಬೀಗ ಜಡಿದಳು. ತಿರುಗಿ ಹೋದ ಹುಡುಗ ಬಾಗಿಲ ಮೇಲೆ ಬೇರೆ ಕೀಲಿ ನೋಡಿದವನು ಒಬ್ಬರನ್ನೂ ಕೇಳದೆ ಅದೇ ಬಸ್ಸಿಗೆ ಟಿಕೋಟಾಕ್ಕೆ ಬಂದು ಗೋಡೆಗೆ ಮುಖ ಹಾಕಿ ಮಲಗಿದ. ಹಲಗೆ ಒಳಗೆ ಉಳಿಯಿತು. ಅದನ್ನು ಪರೀಕ್ಷಕರ ಮುಂದೆ ಇಡದಿದ್ದರೆ ವೈವಾ ಇಲ್ಲ, ವೈವಾ ಇಲ್ಲದಿದ್ದರೆ ಪಾಸಿಲ್ಲ.

‘ಇದನ್ನ ಇವತ್ತ ಹೇಳಾಕ ಬಂದೀಯೇನು? ನಿನ್ನೆ ಬಾಯಿ ಇರಲಿಲ್ಲೇನು?’ ಎಂದು ಅವಳ ಮೇಲೆಯೇ ಹರಿಹಾಯ್ದೆ. ಅವಳು ದುಡ್ಡು ಕೇಳಲು ಬಂದವಳಲ್ಲ. ಮಗನಿಗೆ ಬುದ್ಧಿ ಹೇಳಿ, ಖಾನಾವಳಿಯವಳಿಗೆ ಒಂದು ಫೋನು ಮಾಡಿ ಎಂದು ಕೇಳಲು ಬಂದಿದ್ದಳು. ಅವಳ ಮಾತು ಮುಗಿಯುವುದರೊಳಗೆ ನನ್ನ ತಲೆಯಲ್ಲಿ ಲೆಕ್ಕ ಮುಗಿದಿತ್ತು. ಆ ತಿಂಗಳ ಭಿಸಿ ನನಗೇ ಎದ್ದಿತ್ತು. ನಾವು ಹೆಂಗಸರು ತಿಂಗಳಾ ದುಡ್ಡು ಕೂಡಿಸಿ ಒಬ್ಬೊಬ್ಬರಿಗೆ ಎತ್ತಿಕೊಡುವ ಭಿಸಿಯ ಆ ದುಡ್ಡನ್ನು ಮನೆಯ ನೀರಿನ ಟಾಕಿಗೆಂದು ಕಪಾಟಿನಲ್ಲಿ ಇಟ್ಟಿದ್ದೆ.

‘ನೀ ಮನಿಗೆ ಹೋಗು. ಬಾಕಿ ನಾ ಕಟ್ತೇನಿ. ಕೆಲಸದಾಗ ಮುಂಗಡ ತಗೊಂಡು ನೀನ ಕಟ್ಟೀದಿ ಅಂತ ಅವಗ ಹೇಳು. ಮುಂಜಾನೆ ಕಳಸು,’ ಎಂದೆ. ಅವಳು ಕೈ ಹಿಡಿದುಕೊಂಡಳು. ನಾನು ಬಿಡಿಸಿಕೊಂಡು ತರಗತಿಗೆ ಹೋದೆ. ಅಳುವವರ ಎದುರು ನಿಲ್ಲುವುದು ನನಗೆ ಆಗುವುದಿಲ್ಲ.

ಹುಡುಗನನ್ನು ಜೊತೆಗೆ ಕರೆದುಕೊಂಡು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವನ ಮುಂದೆ ದುಡ್ಡು ತೆಗೆದರೆ ಅವನಿಗೆ ಅವಮಾನ ಎಂದುಕೊಂಡೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿಲ್ಲ.

ಸಂಜೆ ಮನೆಗೆ ಬಂದು ಕಪಾಟಿನ ದುಡ್ಡು ತೆಗೆದುಕೊಂಡು ಖಾನಾವಳಿ ಹುಡುಕಿಕೊಂಡು ಹೋದೆ. ಒಳಗೆ ರೊಟ್ಟಿ ಬಡಿಯುವ ಸದ್ದು. ಒಡತಿ ಗಟ್ಟಿಮುಟ್ಟಾದ ಹೆಂಗಸು. ಹುಡುಗರೆಲ್ಲ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಸೆರಗಿನ ತುದಿಗೆ ಚಾವಿಯ ಗೊಂಚಲು ಕಟ್ಟಿಕೊಂಡು ಬಡಿಸುತ್ತಿದ್ದಳು. ನಾನು ಹುಡುಗನ ಹೆಸರು ಹೇಳಿದೆ. ಅವಳು ಕೈ ಅಲ್ಲಾಡಿಸಿದಳು.

‘ಆ ಹೆಸರಿನವರು ಭಾಳ ಮಂದಿ ಅದಾರ ನನ್ನಲ್ಲೆ. ಹೆಸರು ಯಾಕ ಬೇಕ್ರಿ ನನಗ? ಊರು ಹೇಳ್ರಿ.’

‘ಬಬಲೇಶ್ವರದ ಹುಡುಗ,’ ಎಂದೆ. ‘ಖೋಲಿಗೆ ಕೀಲಿ ಹಾಕೀರಲ್ಲ, ಅವಾ.’

‘ಹಾಂ, ಅವನಾ? ನೀವು ಯಾರ್ರಿ? ಅವರ ಮನ್ಯಾಗ ಇದ್ದೂ ಕೊಡವಲ್ರು, ನೀವು ಕೊಡಾಕ ಬಂದೀರಿ. ಅವರಪ್ಪ ಅಂತೂ...’

ನನಗೆ ಸಿಟ್ಟು ನೆತ್ತಿಗೇರಿತು. ಸತ್ತವನನ್ನು ಇವಳು ಎಳೆದು ತರುತ್ತಿದ್ದಾಳಲ್ಲ, ದ್ರಾಕ್ಷಿ ಆರಿಸಿ ಬೆರಳು ಸವೆಸಿಕೊಂಡ ಹೆಂಗಸಿಗೆ ಇದ್ದೂ ಕೊಡುವುದಿಲ್ಲ ಎನ್ನುತ್ತಿದ್ದಾಳಲ್ಲ ಎನಿಸಿತು. ‘ಅವರ ಮನಿ ವಿಚಾರ ನಿಮಗ್ಯಾಕ್ರಿ? ಎಷ್ಟ ಆಗೇತಿ ಅಷ್ಟ ಹೇಳ್ರಿ,’ ಎಂದು ಬಾಯಿ ಮುಚ್ಚಿಸಿದೆ. ಅವಳು ಮುಖ ದಪ್ಪ ಮಾಡಿಕೊಂಡು ಲೆಕ್ಕ ಹೇಳಿದಳು. ತಾಯಿ ಹೇಳಿದ್ದಕ್ಕಿಂತ ಕಡಿಮೆಯೇ ಇತ್ತು. ನನಗೆ ಸಂಶಯ ಬರಬೇಕಿತ್ತು, ಬರಲಿಲ್ಲ. ಖುಷಿಯಾಯಿತು.

ದುಡ್ಡು ಕೊಟ್ಟು, ‘ನಾ ಕೊಟ್ಟೇನಿ ಅಂತ ಹೇಳಬ್ಯಾಡ್ರಿ. ಮನಿಯವರು ಕಟ್ಯಾರ ಅಂತ ಹೇಳ್ರಿ. ಖೋಲಿ ಇವತ್ತ ತಗೀರಿ,’ ಎಂದೆ. ‘ಈಗ ತೆಗೀತೇನಿ ಬಿಡ್ರಿ, ನನಗೇನು ಅವನ ಮ್ಯಾಲ ಹಗಿ ಐತೇನು?’ ಎಂದಳು. ನಾನು ಮನೆಗೆ ಬಂದು, ಟಾಕಿಯ ದುಡ್ಡು ಎಲ್ಲಿ ಎಂದು ಯಜಮಾನರು ಕೇಳುವ ಮೊದಲೇ ಅಡುಗೆ ಮಾಡಿ ಬಡಿಸಿದೆ. ಕೇಳಲಿಲ್ಲ. ಆದರೂ ನಿದ್ದೆ ಸರಿಯಾಗಿ ಬರಲಿಲ್ಲ. ಹುಡುಗ ಬಾರದಿದ್ದರೆ? ಹೇಳಿದ ಸುಳ್ಳು ಅವನಿಗೆ ಗೊತ್ತಾಗಿ ಇನ್ನೂ ಮುದುಡಿಕೊಂಡರೆ?

ಬೆಳಿಗ್ಗೆ ಶಾಲೆಗೆ ರಜೆ ಹೇಳಿ ನೆಟ್ಟಗೆ ಖಾನಾವಳಿಗೆ ಹೋದೆ. ಹುಡುಗ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತನ್ನ ಖೋಲಿಯ ಮುಂದೆ ನಿಂತಿದ್ದ. ಬಾಗಿಲ ಮೇಲೆ ಕೀಲಿ ಹಾಗೆಯೇ ಇತ್ತು.

ನನ್ನನ್ನು ನೋಡಿದ್ದೇ ಅವನ ಮುಖ ಬದಲಾಯಿತು. ‘ಟೀಚರ್, ನೀವ್ಯಾಕ ಬಂದ್ರಿ?’ ಎಂದ. ಕೀಲಿಯ ಕಡೆ ನೋಡಿ, ‘ನಮ್ಮವ್ವ ಮುಂಗಡ ತಗೊಂಡಿಲ್ಲ ಅಲ್ರಿ?’ ಎಂದ.

‘ಇದನ್ಯಾಕ ತೆಗದಿಲ್ಲ ಆಕಿ?’ ಎಂದು ಒಳಗೆ ನುಗ್ಗಿದೆ. ರೊಟ್ಟಿ ಮಾಡುವ ಹೆಂಗಸರು ಮಾವಶಿ ಇಲ್ಲ ಎಂದರು. ಪಕ್ಕದ ಖೋಲಿಯ ಹುಡುಗನೊಬ್ಬ ನಲ್ಲಿಯ ಬಳಿ ಹಾಡು ಗುನುಗುತ್ತ ಅಂಗಿ ಒಗೆಯುತ್ತಿದ್ದ. ಅವನೇ ಹೇಳಿದ್ದು: ‘ಮಾವಶಿ ಬಬಲೇಶ್ವರ ಸಂತಿಗೆ ಹೋಗ್ಯಾಳ್ರಿ. ಜ್ವಾಳ ಮೆಣಸಿನಕಾಯಿ ತರಾಕ. ಸಂಜಿಗೆ ಬರ್ತಾಳ.’ ಅವನ ಖುಷಿ ನೋಡಿಯೇ ನನಗೆ ಮೈ ಉರಿಯಿತು.

ಅವಳ ನಂಬರಿಗೆ ಫೋನ್ ಹಚ್ಚಿದೆ. ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಮೇಲೆ ಫೋನು ಭಜನೆ ಹಾಡತೊಡಗಿತು. ಚಾವಿಗಳೆಲ್ಲ ಸೆರಗಿನಲ್ಲಿ, ಸೆರಗು ಬಬಲೇಶ್ವರದಲ್ಲಿ, ಫೋನು ಇಲ್ಲಿ. ವೈವಾ ಮಧ್ಯಾಹ್ನ ಊಟದ ನಂತರ.

‘ಕೀಲಿ ಒಡದ ಬಿಡೂಣು. ಒಂದ್ ಕಲ್ಲು ತಗೊಂಡ ಬಾ. ಆಕಿಗೆ ನಾ ಹೇಳ್ತೇನಿ,’ ಎಂದೆ.

ಹುಡುಗ ಬಾಗಿಲಿಗೆ ಅಡ್ಡ ನಿಂತ. ‘ಬ್ಯಾಡ್ರಿ ಟೀಚರ್. ಬಾಕಿ ಇಟ್ಟಾವ ಕೀಲಿ ಮುರದ ಅಂದ್ರ ಏನಂತಾರ? ನೀವು ಹೋದ ಮ್ಯಾಲ ನಾ ಇಲ್ಲೇ ಇರಬೇಕಲ್ರಿ.’

ಅವನ ಧ್ವನಿ ಸಣ್ಣದಾಗಿತ್ತು, ಆದರೆ ಸರಿಯಾಗಿತ್ತು. ಹಾಗಾದರೆ ಒಂದೇ ದಾರಿ. ‘ನಡಿ,’ ಎಂದೆ. ಆಟೋ ಹಿಡಿದು ಬಸ್ ನಿಲ್ದಾಣ, ಅಲ್ಲಿಂದ ಬಬಲೇಶ್ವರದ ಬಸ್ಸು.

ಸಂತೆಯ ದಿನದ ಬಸ್ಸು. ಕೈ ಮಾಡಿದವರಿಗೆಲ್ಲ ನಿಂತಿತು. ಒಬ್ಬಳು ಕೋಳಿ ಹಿಡಿದುಕೊಂಡು ಹತ್ತಿದಳು, ಒಬ್ಬ ಹತ್ತಿ ಚೀಲ ಮರೆತೆನೆಂದು ಇಳಿದ, ಅವನು ತಿರುಗಿ ಬರುವವರೆಗೆ ಡ್ರೈವರ್ ಎಲೆ ಅಡಿಕೆ ಹಾಕಿಕೊಂಡ. ಪ್ರತಿ ನಿಲುಗಡೆಗೂ ನಾನು ಗಡಿಯಾರ ನೋಡಿದೆ. ಅವಳು ಸಂತೆಯಲ್ಲಿ ಸಿಗದಿದ್ದರೆ? ಸಂತೆ ಬಿಟ್ಟು ಯಾರ ಮನೆಗಾದರೂ ಊಟಕ್ಕೆ ಹೋಗಿದ್ದರೆ? ದುಡ್ಡು ತೆಗೆದುಕೊಂಡೂ ಖೋಲಿ ತೆಗೆಯದ ಹೆಂಗಸು ಈಗ ಕೊಟ್ಟೇ ಇಲ್ಲ ಎಂದರೆ ನನ್ನ ಬಳಿ ಏನಿದೆ? ಒಂದು ಚೀಟಿಯನ್ನೂ ಬರೆಸಿಕೊಂಡಿರಲಿಲ್ಲ. ಹುಡುಗ ಕಿಟಕಿಯ ಆಚೆ ನೋಡುತ್ತ ಕೂತಿದ್ದ. ಮೊಣಕಾಲಿನ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದ. ಆ ವೈರು ಇಲ್ಲಿಗೆ, ಈ ವೈರು ಅಲ್ಲಿಗೆ ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದನೋ ಏನೋ.

ಬಬಲೇಶ್ವರದಲ್ಲಿ ಇಳಿದವರೇ ಸಂತೆಯೊಳಗೆ ಹೊಕ್ಕೆವು. ಜೋಳದ ಸಾಲು ಮುಗಿಸಿ, ಬಳ್ಳೊಳ್ಳಿ ಸಾಲು ಮುಗಿಸಿ, ಮೆಣಸಿನಕಾಯಿಯ ಘಾಟಿಗೆ ಇಬ್ಬರೂ ಕೆಮ್ಮುತ್ತ ಹೋಗುವಾಗ ಅವಳು ಹುಡುಗನಿಗೇ ಮೊದಲು ಕಂಡಳು. ‘ಅಲ್ಲೆ ಅದಾಳ್ರಿ!’ ಅವಳು ಒಂದು ಮೆಣಸಿನಕಾಯಿ ಮುರಿದು ಮೂಗಿಗೆ ಹಿಡಿದುಕೊಂಡು ವ್ಯಾಪಾರ ಮಾಡುತ್ತಿದ್ದಳು.

ನಾನು ನೆಟ್ಟಗೆ ಹೋಗಿ, ‘ರೊಕ್ಕ ಎಣಿಸಿಕೊಂಡು ಖೋಲಿ ಯಾಕ ತೆಗಿಲಿಲ್ರಿ? ಇದೆಂಥಾ ನಡತಿ?’ ಎಂದು ಕೂಗಿದೆ.

‘ಯಾರು ತೆಗದಿಲ್ಲ? ನಿನ್ನೆ ನೀವು ಓಣಿ ದಾಟೂದ್ರಾಗ ತೆಗದೇನಿ. ಹುಡುಗ ಒಳಗ ಹೋಗಿ ಮಕ್ಕೊಂಡಾನ, ನಾನ ನೋಡೇನಿ.’

‘ಹುಡುಗ ಇಲ್ಲಿ ನಿಂತಾನ ನೋಡ್ರಿ!’

ಅವಳು ನನ್ನ ಹಿಂದೆ ನಿಂತವನನ್ನು ನೋಡಿದಳು. ನನ್ನನ್ನು ನೋಡಿದಳು. ಮೆಣಸಿನಕಾಯಿ ಕೆಳಗಿಟ್ಟಳು.

‘ಇವನಾ? ಇವಾ ಟಿಕೋಟಿ ಹುಡುಗ ಅಲ್ರಿ! ನೀವು ಬಬಲೇಶ್ವರದಾವ ಅಂದ್ರಿ. ಬಬಲೇಶ್ವರದಾವ ಬಾಜೂ ಖೋಲಿಯಂವ. ಅವನ ಖೋಲಿಗೂ ಕೀಲಿ ಹಾಕಿದ್ದೆ.’

ನಮ್ಮ ಶಾಲೆಗೆ ಅವನು ಬಬಲೇಶ್ವರದಿಂದ ಬಂದಿದ್ದ, ನಮಗೆ ಬಬಲೇಶ್ವರದಂವ. ವಿಜಯಪುರಕ್ಕೆ ಅವನು ಹೋದದ್ದು ಟಿಕೋಟಾದಿಂದ, ಅವರಿಗೆ ಟಿಕೋಟಿಯವ. ನಲ್ಲಿಯ ಬಳಿ ಹಾಡಿಕೊಂಡು ಅಂಗಿ ಒಗೆಯುತ್ತಿದ್ದ ಹುಡುಗನ ಬಾಕಿಯನ್ನು ನಾನು ಟಾಕಿಯ ದುಡ್ಡಿನಿಂದ ತೀರಿಸಿದ್ದೆ. ಅವಳು ಅವರಪ್ಪ ಎಂದು ಶುರು ಮಾಡಿದ್ದನ್ನು ಪೂರ್ತಿ ಕೇಳಿದ್ದರೂ ಸಾಕಿತ್ತು.

‘ಆ ರೊಕ್ಕ ಇವಗ ಹಿಡೀರಿ,’ ಎಂದೆ.

‘ಅದೆಂಗ ಹಿಡೀಲಿ? ಅವಗ ಅವರ ಮನಿಯವರು ಕಟ್ಯಾರ ಅಂತ ಹೇಳೇನಿ. ನೀವ ಹೇಳ ಅಂದ್ರಿ. ಇವತ್ತ ಸಂಜಿಗೆ ಹೋಗಿ ಸುಳ್ಳ ಅಪ್ಪಾ, ಹೊರಗ ಬಾ ಅನ್ನಲೇನು?’

ಪರ್ಸು ತೆಗೆದು ನೋಡಿದೆ. ಹೊತ್ತು ಮಾತ್ರ ಏರುತ್ತಿತ್ತು. ನನ್ನ ಬಳಿ ಬಸ್ಸಿನ ಚಿಲ್ಲರೆ ಬಿಟ್ಟರೆ ಏನೂ ಇರಲಿಲ್ಲ, ಬ್ಯಾಂಕಿನಲ್ಲೂ ಸಂಬಳದ ಮೊದಲಿನ ಬರಗಾಲ. ಹುಡುಗ ನಮ್ಮಿಬ್ಬರ ನಡುವೆ ತಲೆ ಬಗ್ಗಿಸಿ ನಿಂತಿದ್ದ. ಕೊನೆಗೆ, ‘ಟೀಚರ್, ಬಿಡ್ರಿ. ಪರೀಕ್ಷಾ ಮುಂದಿನ ವರ್ಷ ಕೊಡ್ತೇನಿ,’ ಎಂದ. ಅಳಲಿಲ್ಲ. ಅತ್ತಿದ್ದರೆ ನಾನು ಅವನನ್ನು ಬೈದು ಹಗುರಾಗುತ್ತಿದ್ದೆ.

ಮಾವಶಿ ಅವನನ್ನೇ ನೋಡುತ್ತಿದ್ದಳು. ‘ಏನ ಪರೀಕ್ಷಾ ನಿಂದು? ಆ ಹಲಗಿದಾ? ಅದನ್ನ ಒಳಗಿಟ್ಟೀನಿ ಅಂತ ನನಗ ಒಂದ್ ಮಾತು ಹೇಳಾಕ ಏನಾಗಿತ್ತಲೇ? ಉಣ್ಣಾಕ ಕುಂತವರನ್ನ ಎಂದಾದ್ರೂ ಎಬಸೇನೇನು ನಾ? ಕೀಲಿ ಹಾಕೂದು ನೀವು ಬಂದು ಮಾತಾಡಲಿ ಅಂತ.’ ಬೈಯುತ್ತಲೇ ಸೆರಗಿನ ಗಂಟು ಬಿಚ್ಚಿ ಒಂದು ಚಾವಿ ತೆಗೆದಳು. ‘ಹಿಡಿ. ಓಡು. ನಿಮ್ಮ ಟೀಚರ್ ಇಲ್ಲೇ ಇರ್ತಾರ ನನ್ನ ಕೂಡ. ಬಾಕಿ ವಿಚಾರ ನಾವು ನೋಡ್ತೀವಿ.’

ಹುಡುಗ ನನ್ನ ಮುಖ ನೋಡಿದ. ‘ಓಡೋ!’ ಎಂದೆ. ಓಡಿದ. ವಿಜಯಪುರದ ಕಡೆ ಮುಖ ಮಾಡಿ ನಿಂತಿದ್ದ ಜೀಪಿನ ಹಿಂದೆ ಜೋತುಬಿದ್ದದ್ದು ಕಂಡಿತು. ನಾನು, ಸರ್ಕಾರಿ ಸಂಬಳ ತಿನ್ನುವ ಶಿಕ್ಷಕಿ, ಮೆಣಸಿನಕಾಯಿ ಚೀಲದ ಮೇಲೆ ಒತ್ತೆಯಿಟ್ಟ ಪಾತ್ರೆಯ ಹಾಗೆ ಕೂತೆ. ಜೀಪು ಸೀಟು ತುಂಬುವವರೆಗೂ ಹೊರಡುವುದಿಲ್ಲ ಎಂದು ಆಮೇಲೆ ನೆನಪಾಯಿತು. ಎದ್ದು ನೋಡಿದೆ. ಜೀಪು ಇರಲಿಲ್ಲ. ಮತ್ತೆ ಕೂತೆ.

ಮಾವಶಿ ಮೆಣಸಿನಕಾಯಿ ತೂಗಿಸಿಕೊಂಡು, ‘ಏಳ್ರಿ. ಆ ಬಬಲೇಶ್ವರದಾವನ ಅಪ್ಪನ ಅಂಗಡಿ ಇಲ್ಲೇ ಬಜಾರದಾಗ ಐತಿ. ನೀವು ಕೊಟ್ಟ ರೊಕ್ಕ ಅವ್ರ ಕೊಡಬೇಕು. ಕೇಳೂಣು ನಡೀರಿ,’ ಎಂದಳು.

ಹಗ್ಗ, ಬಾರಕೋಲು, ಕುಡಗೋಲು, ಎತ್ತಿನ ಕೊರಳ ಗಂಟೆ ಮಾರುವ ಅಂಗಡಿ ಅದು. ಗಲ್ಲಾದ ಮೇಲೆ ಬಿಳಿ ಟೊಪಿಗೆಯ, ಬಡಕಲು ಮೈಯ ಮನುಷ್ಯ ಕೂತಿದ್ದರು. ನಾನು ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಕೇಳಿಸಿಕೊಂಡು, ಹಗ್ಗ ಅಳೆಯುವುದನ್ನು ನಿಲ್ಲಿಸದೆ, ‘ನಾ ಹೇಳಿದ್ನೇನ್ರಿ ಕಟ್ಟರಿ ಅಂತ?’ ಎಂದರು.

‘ಹೇಳಿಲ್ರಿ. ತಪ್ಪಿ ಕಟ್ಟೇನಿ. ಆದ್ರ ಉಂಡಾವ ನಿಮ್ಮ ಮಗ ಅಲ್ರಿ?’

‘ಆ ರೊಕ್ಕ ನಾನ ಬಂದ್ ಮಾಡೇನ್ರಿ. ಬ್ಯಾಡ ಬ್ಯಾಡ ಅಂದ್ರೂ ಇನ್ನೆರಡ ವರ್ಷ ಓದ್ತೇನಿ ಅಂತ ಹೋದ. ಈ ಅಂಗಡಿ ಯಾರು ನೋಡಬೇಕು? ಹೊಟ್ಟಿ ಹಸದ್ರ ತಾನ ಬರ್ತಾನ ಅಂತ ಬಿಟ್ಟಿದ್ದೆ. ನಡುವ ನಿಮ್ಮನ್ನ ಯಾರು ಕರದ್ರು?’

‘ನಾ ರೊಟ್ಟಿ ಬಡದ ಹಾಕೂಮಟ ಅವನ ಹೊಟ್ಟಿ ಹೆಂಗ ಹಸೀತದೋ ಯಪ್ಪಾ?’ ಎಂದು ಮಾವಶಿ ನಡುವೆ ಬಾಯಿ ಹಾಕಿದಳು.

‘ಅದು ನಿನ್ನ ತಪ್ಪು. ಕೊಡಂಗಿಲ್ಲ.’

ಕೊಟ್ಟವ ಕೋಡಂಗಿ, ಈಸಿಕೊಂಡವ ವೀರಭದ್ರ ಎಂಬುದನ್ನು ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಕೋಡಂಗಿಯಾಗಿ ನಿಂತಾಗ ಹೇಗಿರುತ್ತದೆ ಎಂದು ಅವತ್ತು ತಿಳಿಯಿತು. ಜೋರಾಗಿ ಜಗಳಕ್ಕೆ ನಿಂತೆ. ಹಗ್ಗ ಕೊಳ್ಳಲು ಬಂದವರು ಹಗ್ಗ ಬಿಟ್ಟು ನಮ್ಮನ್ನು ನೋಡತೊಡಗಿದರು. ಬಾಯಿ ಒಂದು ಕಡೆ ಜಗಳವಾಡುತ್ತಿತ್ತು, ಕಿವಿ ಮಾತ್ರ ಫೋನಿನ ಕಡೆ. ಇಷ್ಟು ಹೊತ್ತಿಗೆ ಮುಟ್ಟಿರಬೇಕು. ಮುಟ್ಟಿದ್ದರೆ ಫೋನ್ ಯಾಕೆ ಮಾಡಲಿಲ್ಲ? ಆ ದೊಡ್ಡ ಹಲಗೆಯನ್ನು ಒಬ್ಬನೇ ಹೇಗೆ ಹೊರುತ್ತಾನೆ? ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಎತ್ತಲು ಇಬ್ಬರು ಬೇಕು. ಅದು ಹೊಳೆದ ಕೂಡಲೇ ಬಾಯಿ ಒಣಗಿ ಜಗಳದ ಮಾತು ಅರ್ಧಕ್ಕೇ ನಿಂತಿತು.

‘ನೀರು ಕುಡೀರಿ,’ ಎಂದು ಆ ಮನುಷ್ಯ ತಂಬಿಗೆ ಮುಂದೆ ಮಾಡಿದರು. ದುಡ್ಡು ಕೊಡದಿದ್ದರೂ ನೀರು ಕೊಡದೆ ಇರುವ ಜನ ಅಲ್ಲ ನಮ್ಮವರು. ಕುಡಿದು ಅಲ್ಲೇ ಬೆಂಚಿನ ಮೇಲೆ ಕೂತೆ. ಅವರು ಸ್ವಲ್ಪ ಮೆತ್ತಗಾಗಿ ಮಾವಶಿಯ ಕಡೆ ತಿರುಗಿ, ‘ನಿನ್ನೆ ರಾತ್ರಿ ಫೋನ್ ಮಾಡಿದ್ದ. ಎರಡ ಸಲ. ರೊಕ್ಕ ಕೇಳಾಕ ಮಾಡ್ಯಾನ ಅಂತ ನಾ ಎತ್ತಲಿಲ್ಲ. ಯುಗಾದಿಯಿಂದ ಮಾತಿಲ್ಲ ನಮಗ,’ ಎಂದರು.

ಆಗ ನನ್ನ ಫೋನು ಬಡಿಯಿತು. ಸಂತೆಯ ಗದ್ದಲಕ್ಕೆ ಕೇಳುವುದಿಲ್ಲವೆಂದು ಸ್ಪೀಕರ್ ಹಾಕಿದೆ.

‘ಟೀಚರ್, ಕಾಲೇಜಿಗೆ ಬಂದ ಮುಟ್ಟೇವ್ರಿ! ನನ್ನ ನಂಬರ ಬರಾಕ ಇನ್ನಾ ತಡ ಐತಿ.’ ಹುಡುಗ ಏದುಸಿರು ಬಿಡುತ್ತಿದ್ದ. ‘ಹಲಗಿ ನನಗ ಒಬ್ಬಗ ಏಳಲಿಲ್ರಿ. ಬಾಜೂ ಖೋಲಿಯಂವ ಒಂದ್ ಕಡೆ ಹಿಡಕೊಂಡ. ಆಟೋದವರು ಒಲ್ಲೆ ಅಂದ್ರು, ಇಬ್ಬರೂ ಹೊತಗೊಂಡ ನಡದ ಬಂದ್ವಿ.’

‘ಪುಣ್ಯಾತ್ಮ. ಇದ್ದಾನೇನು ಅಲ್ಲೇ?’

‘ಅದಾನ್ರಿ. ಅವಾ ಇವತ್ತ ಭಾಳ ಖುಷಿಲೆ ಅದಾನ್ರಿ ಟೀಚರ್. ಅವರಪ್ಪ ಬಾಕಿ ಎಲ್ಲಾ ಕಟ್ಯಾರಂತ. ನಮ್ಮಪ್ಪನ ಸಿಟ್ಟ ಇಳೀತು ಅಂತ ದಾರಿ ತುಂಬ ಅದ ಹೇಳಿಕೋತ ಬಂದ. ನಿನ್ನೆ ಅಪ್ಪಗ ಫೋನ್ ಮಾಡಿದ್ನಂತ, ಎತ್ತಲಿಲ್ಲಂತ. ಮಕ್ಕೊಂಡಿರಬೇಕು ಅಂದ.’ ದನಿ ತಗ್ಗಿಸಿದ. ‘ಅದು ನಿಮ್ಮ ರೊಕ್ಕ ಅಂತ ನಾ ಅವಗ ಹೇಳಿಲ್ರಿ. ಹೇಳಾಕ ಆಗಲಿಲ್ರಿ.’

ಫೋನ್ ಕಟ್ಟಾಯಿತು. ಆ ಮನುಷ್ಯ ಕೈಯಲ್ಲಿದ್ದ ಹಗ್ಗವನ್ನು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಗಿರಾಕಿಯೊಬ್ಬ ಬೆಲೆ ಕೇಳಿದ್ದಕ್ಕೆ ಆಮೇಲೆ ಬಾ ಎಂದರು. ನಾನು ಬೈಯಬೇಕೆಂದು ಕೂಡಿಟ್ಟುಕೊಂಡ ಮಾತುಗಳೆಲ್ಲ ಎಲ್ಲಿ ಹೋದವೋ. ಅವರ ಮುಖ ನೋಡಲು ನನಗೇ ಸಂಕಟವಾಯಿತು.

ಗಲ್ಲಾ ತೆಗೆದು ದುಡ್ಡು ಎಣಿಸಿ ಮಾವಶಿಯ ಕೈಗೆ ಕೊಟ್ಟರು. ನನ್ನ ಕಡೆ ನೋಡದೆ, ‘ಕಟ್ಟ್ಯಾಂವ ನಾನ ಅಂತಿರಲಿ ಬಿಡ್ರಿ. ಅವಗ ಹೇಳಬ್ಯಾಡ್ರಿ,’ ಎಂದರು.

‘ಹೇಳಂಗಿಲ್ರಿ,’ ಎಂದೆ.

ಮಾವಶಿ ಆ ದುಡ್ಡನ್ನು ನನ್ನ ಟಿಕೋಟಾ ಹುಡುಗನ ಲೆಕ್ಕಕ್ಕೆ ಹಿಡಿದಳು. ಅವನದು ಇನ್ನೂ ಸ್ವಲ್ಪ ಉಳಿಯುತ್ತಿತ್ತು. ಸಂಬಳ ಬಂದ ಮೇಲೆ ಕೊಡುತ್ತೇನೆ ಎಂದರೆ ಕೇಳಲಿಲ್ಲ. ‘ಅದನ್ನ ಅವನ ದುಡದ ಕೊಡ್ಲಿ. ಎಲ್ಲಾ ನೀವ ಕೊಟ್ರ ಅವಾ ನನ್ನ ಮುಂದ ಕುಂತು ಹೆಂಗ ಉಣ್ತಾನ್ರಿ?’ ಎಂದಳು.

ಅಲ್ಲಿಂದ ಏಳಬೇಕಿತ್ತು, ಏಳಲಿಲ್ಲ. ವೈವಾ ಮುಗಿಯುವವರೆಗೆ ಬಸ್ಸಿನಲ್ಲಿ ಕೂರುವ ಧೈರ್ಯ ನನಗಿರಲಿಲ್ಲ. ಆ ಮನುಷ್ಯ ಚಹಾ ತರಿಸಿದರು. ಮಾವಶಿ ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ ಕೊಟ್ಟಳು. ಅವರು ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕೂತರು. ನನ್ನ ಕಣ್ಣು ಫೋನಿನ ಮೇಲೇ ಇತ್ತು. ಜೋತುಬಿದ್ದು ಹೋದವನು, ಬಿಸಿಲಲ್ಲಿ ಹಲಗೆ ಹೊತ್ತವನು. ದಾರಿಯಲ್ಲಿ ಒಂದು ವೈರು ಕಳಚಿದ್ದರೂ ಮುಗಿಯಿತು.

‘ಅಕ್ಕಾರ,’ ಎಂದರು ಆ ಮನುಷ್ಯ, ‘ನಿಮ್ಮ ಹುಡುಗಗ ಇನ್ನೊಮ್ಮೆ ಫೋನ್ ಹಚ್ಚತೀರೇನ್ರಿ? ಬಾಜೂಕ ಅವಾ ಇರ್ತಾನಲ್ಲ. ನಾ ಮಾತಾಡಂಗಿಲ್ಲ. ಸುಮ್ಮ ಕೇಳ್ತೇನಿ.’

ನಾನು ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಒಳಗೆ ಹೋಗಿರಬೇಕು. ಸಂತೆ ಕರಗುವ ಹೊತ್ತಿಗೆ ಅವನೇ ಮಾಡಿದ. ಫೋನನ್ನು ಹಗ್ಗದ ಸುರುಳಿಯ ಮೇಲೆ ಇಟ್ಟೆ.

‘ಟೀಚರ್! ಮೊದಲ ಸಲ ಒಂದ್ ಕಡೆ ಪರದೆ ಸಿಗಬಿತ್ರಿ. ನನ್ನ ಜೀವಾನ ಹೋಗಿತ್ತು. ಇನ್ನೊಮ್ಮೆ ನೀರು ಹಾಕ್ರಿ ಸರ್ ಅಂದೆ. ಹಾಕಿದ್ರು. ಎಲ್ಲಾ ಕಡೆ ಇಳೀತ್ರಿ. ಟಿಕೋಟಿಗೆ ಬಂದು ಖರೇ ದ್ರಾಕ್ಷಿ ಶೆಡ್ಡ ನೋಡ್ತೇವಿ ಅಂದ್ರು. ಪಾಸ್ ಅಂದಂಗ ಅಲ್ರಿ?’

‘ಅಂದಂಗ!’ ಎಂದೆ. ಕಣ್ಣು ಒರೆಸಿಕೊಂಡೆ, ಮೆಣಸಿನಕಾಯಿ ಮುಟ್ಟಿದ ಕೈ ಎಂಬುದು ಮರೆತು. ಉರಿಯಿಂದ ಕಣ್ಣು ಮುಚ್ಚಿಕೊಂಡೇ, ‘ಬಾಜೂ ಖೋಲಿಯಂವಗ ಫೋನ್ ಕೊಡು,’ ಎಂದೆ.

‘ಹಲೋ, ನಮಸ್ಕಾರ್ರಿ ಟೀಚರ್,’ ಎಂದಿತು ಬೇರೆಯ ದನಿ. ನಾನು ಸುರುಳಿಯನ್ನು ಆ ಮನುಷ್ಯರ ಕಡೆ ಸರಿಸಿದೆ. ‘ಹಲೋ? ಕೇಳಸಾಕತ್ತೇತ್ರಿ?’

ಮಾತಾಡುವುದಿಲ್ಲ ಎಂದ ಮನುಷ್ಯ ಫೋನಿನ ಹತ್ತಿರ ಬಗ್ಗಿದರು.

‘ಉಂಡೇನಲೇ?’ ಎಂದರು.

ಕಟ್ಟಾಯಿತೇನೋ ಎಂದು ನಾನು ಕೈ ಚಾಚಿದೆ. ಅಷ್ಟರಲ್ಲಿ ದನಿ ಬಂತು.

‘ಇನ್ನೂ ಇಲ್ಲಪ್ಪಾ.’